ದೇವರಾಣೆ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಇಡೀ ಬೀದಿ ಕರೆಯುತ್ತಿದ್ದುದು ‘ದೇವರಾಣೆ’ ಎಂದೇ. ಹೊಲಿಗೆ ಮಿಷನ್ ರಿಪೇರಿ ಅವರ ಕೆಲಸ. ಎಣ್ಣೆ ಬಿಟ್ಟು, ಬೆಲ್ಟು ಬಿಗಿದು, ಹರಕು ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಓಡಿಸಿ, “ದೇವರಾಣೆ, ಇನ್ನು ದಾರ ಕಡಿಯಲ್ಲಮ್ಮ” ಎಂದು ಕೈ ಒರೆಸಿಕೊಳ್ಳುತ್ತಿದ್ದರು. ಮರುವಾರವೇ ದಾರ ಕಡಿಯುತ್ತಿತ್ತು. ಗಿರಾಕಿ ಜಗಳಕ್ಕೆ ಬಂದರೆ ಇನ್ನೊಂದು ಆಣೆ. ಭಾನುವಾರ ಚರ್ಚಿನಲ್ಲಿ ಅವರಿಗೆ ಮುಂದಿನ ಬೆಂಚೇ ಆಗಬೇಕು, ಹಾಡಿಗೆ ಅವರದೇ ದೊಡ್ಡ ಗಂಟಲು; ಸೋಮವಾರ ಅದೇ ಬಾಯಲ್ಲಿ ದೇವರನ್ನು ಸೂಜಿಗೂ ಪೆಡಲ್ಲಿಗೂ ಜಾಮೀನು ನಿಲ್ಲಿಸುವರು. ಕೆಟ್ಟವರಲ್ಲ. ಎಲುಬಿಲ್ಲದ ನಾಲಿಗೆ, ಅಷ್ಟೆ.

ದೊಡ್ಡಮ್ಮ ಆಸ್ಪತ್ರೆ ಸೇರಿದಾಗ ಅಕ್ಕ, ಅಂದರೆ ಅವರ ಒಬ್ಬಳೇ ಮಗಳು, ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಮ್ಮ ಮನೆಗೆ ಬರ್ತಾಳಾ ಎಂದು ಕೇಳಿದಳು. “ದೇವರಾಣೆಗೂ ಬರ್ತಾಳೆ” ಎಂದರು ದೊಡ್ಡಪ್ಪ, ದಾರದ ವಿಷಯ ಹೇಳಿದಷ್ಟೇ ಸಲೀಸಾಗಿ. ದೊಡ್ಡಮ್ಮ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಹೇಳಿದಳು: “ನಿನ್ನ ಮಾತು ಅಂತ ನಂಬಲಿಲ್ಲ ಅಪ್ಪ. ದೇವರ ಹೆಸರು ಹೇಳಿದೆ ಅಂತ ನಂಬಿದ್ದೆ.” ಅಂದಿನಿಂದ ಅವಳು ಪ್ರಾರ್ಥನೆಗೆ ತಲೆ ಬಗ್ಗಿಸಲಿಲ್ಲ. ಮದುವೆಯಾಗಿ ಪಕ್ಕದ ಬೀದಿಗೇ ಹೋದಳು, ಭಾನುವಾರ ಅಪ್ಪನಿಗೆ ಊಟ ತರುವಳು. ಊಟಕ್ಕೆ ಮುಂಚೆ ಅವರು ಕಣ್ಣು ಮುಚ್ಚಿದರೆ ಅವಳು ಎದ್ದು ಒಳಗೆ ಹೋಗುವಳು.

ದೊಡ್ಡಪ್ಪ ಆಣೆ ಬಿಟ್ಟರು. ಬಿಡುವುದೇನು, ಬಾಯಿಗೆ ಬೀಗ ಬಿತ್ತು. “ಏನು, ಇವತ್ತು ಆಣೆ ಇಲ್ವಾ?” ಎಂದು ಗಿರಾಕಿಗಳು ರೇಗಿಸಿದರೆ, “ಓಡುತ್ತೆ ಅನ್ಸುತ್ತೆ. ಓಡದಿದ್ರೆ ತಗೊಂಡು ಬನ್ನಿ” ಎನ್ನುವರು. ಹಾಡಿನಲ್ಲಿ ದೇವರ ಹೆಸರು ಬಂದ ಕಡೆ ಅವರ ದನಿ ತಗ್ಗುತ್ತಿತ್ತು, ದೊಡ್ಡವರೆದುರು ನಿಂತು ಮಾತಾಡುವವರ ಹಾಗೆ. ಅವರಿಗೆ ಬೇಕಿದ್ದುದು ಇಷ್ಟೇ: ಮಗಳು ಪಕ್ಕದಲ್ಲಿ ಕೂತು ಒಮ್ಮೆಯಾದರೂ ಪ್ರಾರ್ಥನೆ ಮಾಡಬೇಕು. ಅದನ್ನು ನನ್ನ ಹತ್ತಿರ ಹೇಳಿಕೊಂಡು ಎಷ್ಟೋ ಸಲ ಅತ್ತಿದ್ದಾರೆ. ಅವಳನ್ನು ಮಾತ್ರ ಕೇಳಲಿಲ್ಲ. “ಯಾವ ಮುಖ ಇಟ್ಕೊಂಡು ಕೇಳ್ಲಿ?” ಎನ್ನುವರು.

ಹೋದ ವರ್ಷ ಅಕ್ಕನ ಮಗುವಿಗೆ ಎದೆಯ ಆಪರೇಷನ್ ಆಯಿತು. ಮಗು ಈಗ ಮನೆ ತುಂಬ ಓಡಾಡಿಕೊಂಡಿದೆ. ಆದರೆ ಆ ದಿನ ಯಾರಿಗೆ ಗೊತ್ತಿತ್ತು? ಭಾವ ಔಷಧಿ ತರಲು ಓಡಿದ್ದರು. ಅಕ್ಕ, ದೊಡ್ಡಪ್ಪ, ನಾನು ಮೂವರೂ ಮುಚ್ಚಿದ ಬಾಗಿಲ ಹೊರಗೆ ಬೆಂಚಿನ ಮೇಲೆ. ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಅಕ್ಕ ಥಟ್ಟನೆ ಅಪ್ಪನ ಅಂಗಿ ಹಿಡಿದಳು.

“ಏನೂ ಆಗಲ್ಲ ಅಂತ ಹೇಳಪ್ಪ. ದೇವರ ಮೇಲೆ ಆಣೆ ಇಟ್ಟು ಹೇಳು.”

ಹೇಳಿಬಿಡಲಿ ಎಂದೇ ನನಗನ್ನಿಸಿತು. ಒಂದು ಆಣೆಗೆ ಯಾರ ಗಂಟು ಹೋಗುತ್ತದೆ? ದೊಡ್ಡಪ್ಪನ ತುಟಿ ಅಲುಗಿತು. ಎಣ್ಣೆಯ ಕಪ್ಪು ಅಂಟಿದ ಬೆರಳುಗಳಿಂದ ಅವಳ ಕೈ ಹಿಡಿದುಕೊಂಡರು.

“ನಂಗೊತ್ತಿಲ್ಲ ಮಗಳೇ. ಆತನ ಪರವಾಗಿ ಮಾತು ಕೊಡೋಕೆ ನಾನ್ಯಾರು? ಬೇಕಾದ್ರೆ ಕೇಳ್ತೀನಿ. ನನ್ನ ಕೈಲಾಗೋದು ಅಷ್ಟೇ.”

ಅಕ್ಕ ಕೈ ಕೊಡವಿ ಎದ್ದುಬಿಡುತ್ತಾಳೆ ಎಂದುಕೊಂಡೆ. ದೊಡ್ಡಪ್ಪ ತಲೆ ಬಗ್ಗಿಸಿ, “ಕರ್ತನೇ, ನಮ್ಮ ಮಗು ಒಳಗಿದೆ. ಉಳಿಸಿಕೊಡು ತಂದೆ” ಎಂದರು.

ಅಕ್ಕ ಆಮೆನ್ ಎನ್ನಲಿಲ್ಲ. ಅಪ್ಪನ ಭುಜಕ್ಕೆ ಹಣೆ ಒತ್ತಿ, “ಇನ್ನೊಂದು ಸಲ ಕೇಳಪ್ಪ” ಎಂದಳು.