ಕೋಟೆಯ ಹೊಲದಲ್ಲಿ ಸಿಕ್ಕ ಕತ್ತಿನ ಮೂಳೆ

ಏಪ್ರಿಲ್ ಎರಡನೇ ಭಾನುವಾರ ಎಚ್.ಡಿ. ಕೋಟೆಯ ಕಾಡಂಚಿನ ಹೊಲವೊಂದರಲ್ಲಿ ಕೃಷಿ ಹೊಂಡ ತೋಡುವಾಗ ದೊಡ್ಡ ಮೂಳೆಗಳು ಸಿಕ್ಕವು. ಡೈನೋಸಾರ್‌ನವೆಂದು ಸುದ್ದಿ ಹಬ್ಬಿತು. ಗುರುವಾರ ಬೆಳಿಗ್ಗೆ ನಾನು ವರದಿಗಾಗಿ ಕೆ.ಆರ್. ನಗರದಿಂದ ಹೊರಟೆ. ನಿವೃತ್ತ ವಿಜ್ಞಾನ ಶಿಕ್ಷಕಿ ಸರೋಜಮ್ಮ ಜೊತೆಗಿದ್ದರು. ಸಾರೋಪಾಡ್ ಎಂಬ ಉದ್ದ ಕತ್ತಿನ ಡೈನೋಸಾರ್‌ಗಳ ಪಾಠವನ್ನು ವೃತ್ತಿಯುದ್ದಕ್ಕೂ ಬೋರ್ಡಿನ ಮೇಲೆ ಚಿತ್ರ ಬರೆದೇ ಮಾಡಿದವರು; ಅವುಗಳ ಒಂದು ಮೂಳೆಯನ್ನೂ ಮುಟ್ಟಿದವರಲ್ಲ.

ಹುಣಸೂರಿನಲ್ಲಿ ಬಸ್ ಬದಲಿಸಿದೆವು. ಅವರಿಗೆ ಉಚಿತ ಟಿಕೆಟ್, ನನಗೆ ದುಡ್ಡಿನದು. ನಾನು ಇಡ್ಲಿ ತಿಂದೆ. ಅವರು ಕಾಫಿಯಷ್ಟೇ ಸಾಕೆಂದರು. ದಾರಿಬದಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು ಬಿಸಿಲಿನಲ್ಲಿ ಬೀಗ ಹಾಕಿಕೊಂಡು ನಿಂತಿದ್ದವು. ಸಾರೋಪಾಡ್‌ಗಳ ಪೂರ್ವಜರು ಎರಡು ಕಾಲಲ್ಲಿ ನಡೆಯುವ ಸಣ್ಣ ಪ್ರಾಣಿಗಳು, ಮೈ ಬೆಳೆದಂತೆ ನಾಲ್ಕೂ ಕಾಲೂರಿದವು, ಕತ್ತು ನೀಳವಾಯಿತು ಎಂದು ಅವರು ದಾರಿಯುದ್ದಕ್ಕೂ ಹೇಳಿದರು. ಕತ್ತಿನ ಮೂಳೆಯೊಳಗೆ ಗಾಳಿಗೂಡುಗಳಿದ್ದುದರಿಂದ ಅಷ್ಟುದ್ದದ ಕತ್ತೂ ಹಗುರ. ಅವು ಎಲ್ಲ ಖಂಡಗಳಲ್ಲೂ ಇದ್ದವು. ನಮ್ಮಲ್ಲಿ ಗುಜರಾತ್, ನರ್ಮದಾ, ಗೋದಾವರಿ ಕಡೆ ಮೂಳೆ ಸಿಕ್ಕಿವೆ. ಮೈಸೂರು ಸೀಮೆಯ ಬಂಡೆ ಪ್ರಾಣಿಗಳೇ ಹುಟ್ಟುವ ಮೊದಲಿನದು, ಇಲ್ಲಿ ಸಿಗುವಂತಿಲ್ಲ ಎಂದೂ ಅವರೇ ಹೇಳಿದರು. ಮತ್ತೇಕೆ ಹೊರಟಿರಿ ಎಂದೆ.

“ಮನಸ್ಸು ಕೇಳಲಿಲ್ಲ ಕಣಪ್ಪ.”

ಹೊಲದ ಯಜಮಾನ ಜವರಪ್ಪ ಮೂಳೆಗಳನ್ನು ಟಾರ್ಪಾಲಿನ ಮೇಲೆ ಹರಡಿ, ನೋಡಲು ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ಸರೋಜಮ್ಮ ಕಾಲಿನ ಮೂಳೆ ಬಿಟ್ಟು ಕತ್ತಿನದನ್ನು ಕೇಳಿದರು. ಕೈಗೆ ಬಂದದ್ದು ದಪ್ಪ ರೊಟ್ಟಿಯಂತೆ ಚಪ್ಪಟೆ. ಸಾರೋಪಾಡ್‌ನದಾಗಿದ್ದರೆ ನೀಳವಾಗಿ, ಪಕ್ಕದಲ್ಲಿ ಗಾಳಿಯ ಗುಳಿಗಳಿದ್ದು, ಕಲ್ಲಾಗಿರಬೇಕಿತ್ತು. ಅದನ್ನವರು ಬಹಳ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿದ್ದರು. ಆಮೇಲೆ, ಇದು ಗಿಡ್ಡ ಕತ್ತಿನ ಆನೆಯದು, ಅರಣ್ಯ ಇಲಾಖೆಗೆ ತಿಳಿಸಬೇಕು ಎಂದರು.

“ಲೇ ಜವರಾ, ನಿನ್ ಡೈನೋಸಾರ್‌ಗೆ ಸೊಂಡ್ಲು ಬಂತು ಕಣ್ಲಾ,” ಎಂದ ಪಕ್ಕದ ಹೊಲದವನು.

ಜವರಪ್ಪ ನಗಲಿಲ್ಲ. “ಮೇಡಮ್ಮೋರೆ, ಡೈನೋಸಾರೇ ಅಂದ್ಬುಡಿ. ಅದ್ಕಾದ್ರೆ ಫಾರೆಸ್ಟ್‌ನೋರು ಬಂದು ಹೊಂಡ ನಿಲ್ಸಾಕಿಲ್ಲ.”

“ನಿಮಗಿಂತ ನನಗೇ ಆಸೆ ಇತ್ತು ಜವರಪ್ನೋರೆ. ಆದ್ರೂ ಇದು ಆನೇದೇ.”

ಸಂಜೆಯ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಗೋದಾವರಿ ಕಣಿವೆಯ ಸಾರೋಪಾಡ್‌ನ ಅಸ್ಥಿಪಂಜರವೊಂದನ್ನು ಹೈದರಾಬಾದಿನಲ್ಲಿ ನಿಲ್ಲಿಸಿದ್ದಾರೆಂದು ನಾನು ಓದಿದ್ದನ್ನು ಹೇಳಿದೆ. ಮುಟ್ಟಲು ಬಿಡುತ್ತಾರೆಯೇ ಎಂದು ಕೇಳಿದರು. ಗೊತ್ತಿಲ್ಲವೆಂದೆ.

ಶನಿವಾರ ಅರಣ್ಯ ಇಲಾಖೆಯವರು ಮೂಳೆಗಳನ್ನು ಕೊಂಡೊಯ್ದರು. ಹೊಂಡದ ಕೆಲಸ ಮುಂದುವರಿದಿದೆ. ಸರೋಜಮ್ಮ ಹೈದರಾಬಾದ್ ರೈಲಿಗೆ ಟಿಕೆಟ್ ಮಾಡಿಸಿದ್ದಾರೆ. ಅದಿನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ.