ಡಿಸ್ಕಿಗೆ ಬಿದ್ದ ಗಡಿಯಾರದ ಎಣ್ಣೆ

ಗಡಿಯಾರ ರಿಪೇರಿಯ ಗೊಮ್ಮಟೇಶ ಮಗದುಮ್ಮರನ್ನು ದಾನೇಶ್ವರಿ ಮೊದಲು ಕಂಡದ್ದು ೨೦೦೩ರ ಏಪ್ರಿಲ್ ತಿಂಗಳ ಒಂದು ಸಂಜೆ, ಹುಕ್ಕೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅಂಗಡಿ ಎಂದರೆ ಎರಡು ಬಟ್ಟೆಯಂಗಡಿಗಳ ನಡುವೆ ಉಳಿದಿದ್ದ ಆರಡಿ ಜಾಗ. ಗಾಜಿನ ಮೇಜಿನ ಹಿಂದೆ ಮಗದುಮ್ಮರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹೆಂಗಸರ ಕೈಗಡಿಯಾರವೊಂದರ ಚಕ್ರವನ್ನು ಚಿಮಟದಲ್ಲಿ ಹಿಡಿದು ಅದರ ಕುಳಿಗೆ ಇಳಿಸುತ್ತಿದ್ದರು. ಐವತ್ತು ದಾಟಿದ ವಯಸ್ಸು. ಬಿಳಿ ಟೊಪ್ಪಿಗೆ, ಮೊಣಕೈವರೆಗೆ ಮಡಚಿದ ತೋಳು. ಚಕ್ರ ಕೂತ ಮೇಲೆಯೇ ಅವರು ಬಿಗಿಹಿಡಿದ ಉಸಿರು ಬಿಟ್ಟು ತಲೆ ಎತ್ತಿದರು.

"ಬರ್ರಿ. ನಿಂತೈತೋ, ಹಿಂದ ಬಿದ್ದೈತೋ?"

"ಗಡಿಯಾರ ಅಲ್ರಿ ಕಾಕಾ, ಕಂಪ್ಯೂಟರ್," ಎಂದು ದಾನೇಶ್ವರಿ ಕೈಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇಷ್ಟ ಸಣ್ಣದಾ? ನಾ ಬುತ್ತಿ ಡಬ್ಬಿ ಅಂತ ಮಾಡಿದ್ನಿ."

ಅದು ಜಪಾನಿನಲ್ಲಿ ತಯಾರಾದ ಹಳೆಯ ಪುಟ್ಟ ಲ್ಯಾಪ್‌ಟಾಪು. ಮಡಚಿದರೆ ಪಂಚಾಂಗಕ್ಕಿಂತ ತುಸು ದಪ್ಪ. ಮೂಡಲಗಿಯ ಒಂದು ಖಾಸಗಿ ಕಾಲೇಜಿಗೆ ಮುಂಬಯಿಯ ಹರಾಜಿನ ಕುರ್ಚಿ-ಮೇಜುಗಳ ಜೊತೆ ಬಂದಿತ್ತು. ಹಚ್ಚಿದರೆ ತೆರೆಯ ಮೇಲೆ ಜಪಾನಿ ಅಕ್ಷರಗಳು ಮೂಡಿ, ಅರ್ಧಕ್ಕೇ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಕಲಿಸುವ ಕೆಲಸ ಕೇಳಿಕೊಂಡು ಹೋದ ದಾನೇಶ್ವರಿಯ ಮುಂದೆ ಕಾಲೇಜಿನ ಅಧ್ಯಕ್ಷ ಅಲ್ಲಪ್ಪನವರು ಅದನ್ನು ಇಟ್ಟು, "ಸರ್ಟಿಫಿಕೇಟ್ ಎಲ್ಲಾರ ಹಂತೇಕನೂ ಅದಾವ. ಇದನ್ನ ನಡಿಸಿ ತೋರಸ್ರಿ, ಜೂನದಿಂದ ಕೆಲಸಕ್ಕ ಬರ್ರಿ," ಎಂದಿದ್ದರು. ಎಂಟು ದಿನದ ಗಡುವು. ಘೋಡಗೇರಿಯ ಅವಳ ಮನೆತನದಲ್ಲಿ ಪದವಿ ಮುಗಿಸಿದವಳು ಅವಳೊಬ್ಬಳೇ. ಎರಡು ವರ್ಷ ಹಾಕಿದ ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೇ.

ಯಂತ್ರವನ್ನು ನಡೆಸುವ ಜಪಾನಿ ವಿಂಡೋಸನ್ನು ಅಳಿಸಿ, ಅದರ ಬದಲು ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಬೇಕೆಂದು ಅವಳು ನಿರ್ಧರಿಸಿದ್ದಳು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಲಿನಕ್ಸ್ ಇತ್ತು, ಆದರೆ ಈ ಪುಟ್ಟ ಯಂತ್ರಕ್ಕೆ ಸಿಡಿ ಹಾಕುವ ಬಾಯಿಯೇ ಇರಲಿಲ್ಲ. ಉಳಿದ ದಾರಿ ಒಂದೇ. ಒಳಗಿನ ಹಾರ್ಡ್ ಡಿಸ್ಕನ್ನು ಹೊರತೆಗೆದು, ಗೋಕಾಕದಲ್ಲಿ ಸೋಮಪ್ಪ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನ ದೊಡ್ಡ ಕಂಪ್ಯೂಟರಿಗೆ ಜೋಡಿಸಿ, ಲಿನಕ್ಸ್ ತುಂಬಿ, ತಿರುಗಿ ಒಳಗೆ ಕೂಡಿಸುವುದು. ಲ್ಯಾಪ್‌ಟಾಪಿನ ಎಳ್ಳುಕಾಳಿನಂಥ ಸ್ಕ್ರೂ ಸೋಮಪ್ಪನ ಕೈಗೆ ಬಗ್ಗಲಿಲ್ಲ. ಸ್ಕ್ರೂವಿನ ತಲೆ ಸವೆಯಿತಷ್ಟೆ. "ಇದು ಗಡಿಯಾರದವರ ಕೆಲಸ," ಎಂದು ಅವನೇ ಅವಳನ್ನು ಹುಕ್ಕೇರಿಗೆ ಕಳಿಸಿದ್ದ.

ಮಗದುಮ್ಮರು ಓಣಿಯ ತುದಿಯ ಬಿಸಿಲನ್ನು ನೋಡಿದರು. "ಜೈನರ್ರಿ ನಾವು, ಹೊತ್ತು ಮುಳಗೂದ್ರೊಳಗ ನಮ್ಮ ಊಟ ಆಗಬೇಕ್ರಿ. ಬಿಟ್ಟು ಹೋಗ್ರಿ, ಮುಂಜಾನಿ ಇದರದ ಮೊದಲನೇ ಕೆಲಸ."

"ಡಿಸ್ಕ್ ಅಷ್ಟ ಹೊರಗ ತಗೀರಿ ಕಾಕಾ," ಎಂದು ಹೇಳಿ ಅವಳು ಕೊನೆಯ ಬಸ್ಸು ಹಿಡಿದಳು.

ಮರುದಿನ ಹತ್ತು ಗಂಟೆಗೆ ಅವಳು ಹೋದಾಗ ಡಿಸ್ಕು ಬಿಳಿ ಬಟ್ಟೆಯ ಮೇಲೆ ತಯಾರಿತ್ತು. ಮಗದುಮ್ಮರ ಮುಖದಲ್ಲಿ ಗೆಲುವಿತ್ತು.

"ಬರೇ ತಗದು ಕೊಟ್ರ ಅದೇನ ಕೆಲಸ್ರಿ? ಹಚ್ಚಿ ಕೇಳಿದ್ನಿ, ಕುಂಯ್ ಕುಂಯ್ ಅಂತಿತ್ತು. ಡಿಸ್ಕಿನ ಮುಚ್ಚಳಾನೂ ಬಿಚ್ಚಿದ್ನಿ. ಅದರ ಸ್ಕ್ರೂಕ್ಕ ಆರು ಮೂಲಿ. ಸೂಜಿ ಅರದು ಅದಕ್ಕಂತನ ಒಂದು ಕೀಲಿ ಮಾಡಿದ್ನಿ. ಒಳಗ ಕನ್ನಡಿಯಂಥಾ ತಟ್ಟಿ ಐತಿ. ಮಲಮಲ್ ಅರಿವೀಲೆ ಒರಿಸಿ, ನಡುವಿನ ಗೂಟಕ್ಕ ಒಂದ ಹನಿ ಎಣ್ಣಿ ಬಿಟ್ಟೀನಿ. ಈಗ ಸಪ್ಪಳ ಇಲ್ಲ."

ಡಿಸ್ಕಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು, ಒಂದು ಕಣ ಧೂಳು ಸಾಕು ಅದನ್ನು ಕೆಡಿಸಲು ಎಂದು ದಾನೇಶ್ವರಿ ಪುಸ್ತಕದಲ್ಲಿ ಓದಿದ್ದಳು. ಅವರ ಮುಖ ನೋಡಿದಳು. "ಚಲೋ ಆತ್ರಿ," ಎಂದಷ್ಟೇ ಹೇಳಿ ಗೋಕಾಕದ ಬಸ್ಸು ಹತ್ತಿದಳು.

ದೊಡ್ಡ ಕಂಪ್ಯೂಟರಿಗೆ ಜೋಡಿಸಿದರೆ ಡಿಸ್ಕು ಇದೆಯೆಂಬ ಸುಳಿವೂ ಅದಕ್ಕೆ ಹತ್ತಲಿಲ್ಲ. ಮಗದುಮ್ಮರು ಜೊತೆಗೆ ಕೊಟ್ಟಿದ್ದ ಕೀಲಿಯಿಂದ ಸೋಮಪ್ಪ ಮುಚ್ಚಳ ತೆಗೆದು ಒಳಗಿನ ತಟ್ಟೆಯನ್ನು ಬೆಳಕಿಗೆ ಹಿಡಿದ. "ಬೆರಳಚ್ಚು ಮೂಡೈತಿ. ಪೊಲೀಸರಿಗೆ ಉಪಯೋಗ ಆಗತೈತಿ ನೋಡ್ರಿ, ಲಿನಕ್ಸಿಗೆ ಆಗೂದಿಲ್ಲ." ಅಂಥ ಸಣ್ಣ ಡಿಸ್ಕು ಬೆಳಗಾವಿಯಲ್ಲೂ ಸಿಗುವುದು ಕಷ್ಟ ಎಂದ.

ಗಡುವಿಗೆ ಮೂರು ದಿನ ಉಳಿದಿದ್ದವು. ಅವಳು ಸೋಮಪ್ಪನ ಕಂಪ್ಯೂಟರಿನಲ್ಲಿ ಸಿಡಿಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತ ಹೋದಾಗ ಎರಡೇ ಫ್ಲಾಪಿಗಳಲ್ಲಿ ಹಿಡಿಯುವ ಪುಟ್ಟ ಲಿನಕ್ಸ್ ಒಂದು ಸಿಕ್ಕಿತು. ಅದಕ್ಕೆ ಡಿಸ್ಕು ಬೇಕಿಲ್ಲ. ಫ್ಲಾಪಿಯಿಂದ ನೇರ ಯಂತ್ರದ ನೆನಪಿಗೆ ಇಳಿದು ನಡೆಯುತ್ತದೆ. ಹಚ್ಚಿದಾಗಲೆಲ್ಲ ಹೊಸದಾಗಿ ಇಳಿಸಬೇಕು, ಅಷ್ಟೆ. ಲ್ಯಾಪ್‌ಟಾಪಿನ ಜೊತೆ ವಯರಿನಿಂದ ಜೋಡಿಸುವ ಫ್ಲಾಪಿ ಡ್ರೈವು ಬಂದಿತ್ತು. ಮೊದಲ ಫ್ಲಾಪಿ ಓದಿತು. ಎರಡನೆಯದು ನಡುವೆಯೇ ಕರಕರ ಎಂದು ನಿಂತಿತು. ಹೊಸ ಫ್ಲಾಪಿ ಹಾಕಿದರೂ ಅಲ್ಲಿಯೇ ನಿಂತಿತು. ದೋಷ ಡ್ರೈವಿನದೇ.

ಮರುದಿನ ಅವಳು ಹುಕ್ಕೇರಿಗೆ ಹೋಗಿ ಮಗದುಮ್ಮರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಚಿಮಟ ಕೆಳಗಿಟ್ಟು ಕೇಳಿದರು.

"ಅವತ್ತ ಯಾಕ ಹೇಳಲಿಲ್ರಿ?"

"ಹೇಳಾಕ ಆಗಲಿಲ್ರಿ."

"ನನ್ನ ಮಾರಿ ನೋಡಿ ಬಿಟ್ರಿ. ಹಿಂಗ ಮಾರಿ ನೋಡಿ ತಪ್ಪು ಬಿಟ್ಟುಕೋತ ಹೋದ್ರ ಸಾಲಿ ಕಲಸಾಕ ಆಗತೈತೇನ್ರಿ ಅಕ್ಕಾರ?"

ಅವಳು ಫ್ಲಾಪಿ ಡ್ರೈವನ್ನು ಮೇಜಿನ ಮೇಲಿಟ್ಟಳು. ಮಗದುಮ್ಮರು ಅದನ್ನು ಮುಟ್ಟಲಿಲ್ಲ.

"ಇದನ್ನ ಬಿಚ್ಚಬಹುದೋ, ಬಿಚ್ಚಬಾರದೋ?"

"ಬಿಚ್ಚಬಹುದ್ರಿ."

"ಪುಸ್ತಕದಾಗ ಐತೇನು?"

"ಐತ್ರಿ."

"ಹಂಗಾರ ಓದ್ರಿ."

ಅವಳು ಚೀಲದಿಂದ ಪುಸ್ತಕ ತೆಗೆದು ಇಂಗ್ಲಿಷಿನ ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದಳು. ಅವರು ಅಷ್ಟಷ್ಟೇ ಮಾಡಿ, ಕೈ ಹಿಂದೆ ತೆಗೆದುಕೊಂಡು, "ಮುಂದ?" ಎನ್ನುತ್ತಿದ್ದರು. ಫ್ಲಾಪಿ ಓದುವ ತಲೆ ಜಾರುವ ಸರಳಿನ ಮೇಲೆ ಹಳೆಯ ಜಿಡ್ಡು ಒಣಗಿ ಅಂಟಾಗಿತ್ತು. ಅದನ್ನು ಕೆರೆಯದೆ, ಬಟ್ಟೆ ಸುತ್ತಿದ ಕಡ್ಡಿಯಿಂದ ನೆನೆಸಿ ನೆನೆಸಿ ತೆಗೆದರು. ಸರಳಿಗೆ ಎಣ್ಣೆ ಹಾಕಬಹುದು ಎಂದು ಓದಿದಾಗ, "ಇನ್ನೊಮ್ಮೆ ಓದ್ರಿ," ಎಂದರು. ಸೂಜಿಯ ಮೊನೆಯಲ್ಲಿ ಹಿಡಿದದ್ದಷ್ಟನ್ನೇ ಹಾಕಿದರು.

ಎರಡನೆಯ ಫ್ಲಾಪಿ ಕೊನೆಯವರೆಗೂ ಓದಿತು. ಕಪ್ಪು ತೆರೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ ಮಿನುಗತೊಡಗಿತು.

"ಇಷ್ಟ?" ಎಂದರು ಮಗದುಮ್ಮರು. "ಚಿತ್ರಗಿತ್ರ ಏನೂ ಇಲ್ಲಾ?"

"ಇಲ್ರಿ. ನಾವು ಹೇಳಿದ್ದಕ್ಕ ಉತ್ತರ ಕೊಡತೈತ್ರಿ."

ಮರುದಿನ ಅವರು ಅಂಗಡಿ ಮುಚ್ಚಿ ಅವಳ ಜೊತೆ ಹೊರಟರು. ಬೇಡವೆಂದರೂ ಕೇಳಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸಿ ಮೂಡಲಗಿ ತಲುಪಿದಾಗ ಅಲ್ಲಪ್ಪನವರು ಕಾಲೇಜಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ದಾನೇಶ್ವರಿ ಯಂತ್ರ ಹಚ್ಚುವ ಮೊದಲೇ ಮಗದುಮ್ಮರು ನಿಂತುಕೊಂಡೇ ಹೇಳಿದರು: "ಇದರ ಡಿಸ್ಕ್ ಕೆಡಿಸಿದಾಂವ ನಾ. ಇವ್ರು ಅಲ್ಲ."

"ಕುಂದರ್ರಿ ಮೊದಲ. ಡಿಸ್ಕ್ ಇಲ್ಲಂದ್ರ ಇದು ನಡಿಯಂಗಿಲ್ಲಲಾ?"

"ನಡೀತೈತ್ರಿ," ಎಂದಳು ದಾನೇಶ್ವರಿ. ಎರಡು ಫ್ಲಾಪಿಗಳನ್ನು ಒಂದಾದ ಮೇಲೊಂದು ಹಾಕಿದಳು. ನಾಲ್ಕು ನಿಮಿಷ ಹಿಡಿಯಿತು. ಬಿಳಿ ಗೆರೆ ಮಿನುಗಿತು.

ಅಲ್ಲಪ್ಪನವರು ಕುರ್ಚಿ ಮುಂದೆ ಎಳೆದುಕೊಂಡು, ಅಕ್ಷರ ಹುಡುಕಿ ಹುಡುಕಿ ಒಂದೇ ಬೆರಳಿನಿಂದ ತಮ್ಮ ಹೆಸರು ಒತ್ತಿದರು. ಅವಳು ಹೇಳಿದಂತೆ ಕೊನೆಗೆ ಎಂಟರ್ ಗುಂಡಿಯನ್ನೂ ಒತ್ತಿದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತೈತಿ?"

ದಾನೇಶ್ವರಿ ಅಲ್ಲಪ್ಪನವರ ಮುಖ ನೋಡಿದಳು. ಮಗದುಮ್ಮರು ಅವಳ ಕಡೆಗೇ ನೋಡುತ್ತಿದ್ದರು.

"ಅಲ್ಲಪ್ಪ ಅನ್ನೂದು ತನಗ ಗೊತ್ತಿಲ್ಲ ಅಂತೈತ್ರಿ. ತಪ್ಪು ನಿಮ್ಮದ್ರಿ. ಅದಕ್ಕ ಹೆಸರು ಹೇಳಬಾರದು, ಕೆಲಸ ಹೇಳಬೇಕು."

ಕೋಣೆಯಲ್ಲಿದ್ದ ಗುಮಾಸ್ತ ನೆಲ ನೋಡಿದ. ಅಲ್ಲಪ್ಪನವರು ಆ ಸಾಲನ್ನು ಇನ್ನೊಮ್ಮೆ ನೋಡಿದರು.

"ಮೂಡಲಗಿಯಾಗ ನನ್ನ ಹೆಸರು ಗೊತ್ತಿಲ್ಲದ್ದು ಇದೊಂದ ನೋಡು," ಎಂದು ಗುಮಾಸ್ತನಿಗೆ ಹೇಳಿದರು. ಆಮೇಲೆ ದಾನೇಶ್ವರಿಗೆ, "ಏನ ಕೆಲಸ ಹೇಳಬೇಕು, ತೋರಸ್ರಿ," ಎಂದರು. ಅರ್ಧ ತಾಸು ಕಲಿತರು. ಏಳುವಾಗ, "ಜೂನ್ ಎರಡನೇ ತಾರೀಖ ಸೋಮವಾರ ಐತಿ. ಅವತ್ತ ಬರ್ರಿ," ಎಂದರು.

ದಾನೇಶ್ವರಿ ಆ ಕಾಲೇಜಿನಲ್ಲಿ ಆರು ವರ್ಷ ಕಲಿಸಿದಳು. ಅಷ್ಟರಲ್ಲಿ ಎಲ್ಲರ ಕಿಸೆಗೆ ಮೊಬೈಲು ಬಂದು, ಕೈಗಡಿಯಾರ ರಿಪೇರಿಗೆ ತರುವವರು ಕಡಿಮೆಯಾದರು. ಮಗದುಮ್ಮರು ಈಗ ಹುಕ್ಕೇರಿಯ ಅದೇ ಓಣಿಯಲ್ಲಿ ಕನ್ನಡಕಗಳಿಗೆ ಗಾಜು ಕೂಡಿಸುತ್ತಾರೆ. ಬುಧವಾರ ಅಂಗಡಿಗೆ ವಾರದ ರಜೆ.