ಫೆನಿಯಾಸನ ಹೆಸರು ಹಾಕಿ ಹಾಡಿದ್ದು

ದೆಯೊಲಿಂದಾ ಮತುಸ್ಸೆ ನಲವತ್ತು ದಾಟಿದ ಮೇಲೆ ಎಂ.ಎ. ಓದಲು ಹೊರಟಾಗ ಮಪುತೊ ಪಟ್ಟಣದ ಮಷಕೇನಿ ಕೇರಿಯಲ್ಲಿ ನಗದವರೇ ಇಲ್ಲ. ಬೀದಿ ಬದಿಯಲ್ಲಿ ವಡೆ ಕರಿಯುವ ಜುಡಿತೆಯಂತೂ ಅವಳನ್ನು ಕಂಡ ಕೂಡಲೇ ಶುರುಮಾಡುತ್ತಿದ್ದಳು.

"ಏನ್ ಟೀಚರಮ್ಮ, ಇವತ್ತೂ ಯೂನಿವರ್ಸಿಟೀನಾ? ಅದೇನ್ ಓದ್ತೀರಾ ಅಲ್ಲಿ?"

"ಸ್ಪೇನು, ಪೋರ್ಚುಗಲ್ಲಿನ ಸಾಹಿತ್ಯ. ಜೊತೆಗೆ ಸಮಾಜಶಾಸ್ತ್ರ."

"ಅಯ್ಯೋ ದೇವ್ರೇ! ಅಷ್ಟು ವರ್ಷ ಅವರು ಇಲ್ಲಿದ್ದು ನಮ್ಮ ಜೀವ ತಿಂದಿದ್ದು ಸಾಲ್ದು ಅಂತ ಈಗ ನೀವು ಅವರನ್ನ ಹುಡುಕ್ಕೊಂಡು ಹೋಗ್ತೀರಾ? ತಗೊಳಿ, ಎರಡು ವಡೆ ತಿನ್ಕೊಂಡು ಹೋಗಿ. ಹಸಿದ ಹೊಟ್ಟೇಲಿ ಸ್ಪೇನ್ ತನಕ ನಡೆಯಕ್ಕಾಗಲ್ಲ."

ದೆಯೊಲಿಂದಾ ನಗುತ್ತಿದ್ದಳು. ಹಗಲೆಲ್ಲ ಹೈಸ್ಕೂಲಿನಲ್ಲಿ ಪೋರ್ಚುಗೀಸ್ ಪಾಠ ಹೇಳಿ, ಸಂಜೆ ಮಿನಿಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ತರಗತಿಗೆ ಹೋಗುವವಳಿಗೆ ನಗುವಷ್ಟು ತ್ರಾಣ ಉಳಿದದ್ದೇ ದೊಡ್ಡದು. ಮದುವೆ ಆಗಲಿಲ್ಲ, ಮಕ್ಕಳಿಲ್ಲ. ಈ ಓದೊಂದು ಮುಗಿದರೆ ತಾನೂ ಬದುಕಿದ್ದಕ್ಕೆ ಸಾರ್ಥಕ ಎಂದು ನಂಬಿಕೊಂಡಿದ್ದಳು. ಕೆಲಸದ ನಡುವೆ ಪ್ರಬಂಧ ಬರೆಯಲಾಗದೆ ಎರಡು ಸಲ ಹೆಚ್ಚಿನ ಅವಧಿ ಕೇಳಿ ಪಡೆದಿದ್ದಳು. ಇನ್ನೊಮ್ಮೆ ಕೇಳುವಂತಿರಲಿಲ್ಲ.

ಅವಳನ್ನು ಸಾಕಿದವಳು ಸೋದರತ್ತೆ ಎಸಿನೆತಾ. ತಾಯಿ ಸತ್ತ ಮೇಲೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ತನ್ನ ಗಂಡನ ಮನೆಯಲ್ಲೇ ಬೆಳೆಸಿದಳು. ಗಂಡ ಫೆನಿಯಾಸ್ ಚೊಂಗೊ ಗಡಿಯಾಚೆ ಜೋನಿ ಪಟ್ಟಣದ ಚಿನ್ನದ ಗಣಿಗೆ ಹೋದಾಗ ದೆಯೊಲಿಂದಾ ಇನ್ನೂ ಅಕ್ಷರ ಕಲಿಯುತ್ತಿದ್ದಳು. ಹೋದವನು ಕೆಲವು ಕಾಲ ದುಡ್ಡು ಕಳಿಸಿದ. ಅದರಲ್ಲೇ ಈ ಇಟ್ಟಿಗೆಯ ಮನೆ ಎದ್ದಿತು. ಆಮೇಲೆ ಸುದ್ದಿಯಿಲ್ಲ. ಬಂಡೆ ಕುಸಿದು ಸತ್ತ ಎಂದರು ಕೆಲವರು. ಅಲ್ಲೇ ಬೇರೆ ಹೆಂಡತಿ, ನಾಲ್ಕು ಮಕ್ಕಳು ಎಂದರು ಕೆಲವರು. ಗಂಡ ಸತ್ತನೆಂದು ಅಳುವಂತಿಲ್ಲ, ಬರುತ್ತಾನೆಂದು ನಗುವಂತಿಲ್ಲ, ಹಾಗೆಯೇ ಎಸಿನೆತಾ ಮುದುಕಿಯಾದಳು.

ದೆಯೊಲಿಂದಾಳ ಪ್ರಬಂಧ ಹುಟ್ಟಿದ್ದೂ ಈ ಮನೆಯಲ್ಲೇ. ಹಿಂದೆ ಸ್ಪೇನು, ಪೋರ್ಚುಗಲ್ಲಿನ ಹೆಂಗಸರು ಹಡಗು ಹತ್ತಿ ಹೋದ ಗಂಡಂದಿರಿಗಾಗಿ ಕಡಲಿಗೆ ಮುಖಮಾಡಿ ಹಾಡಿದ ಹಾಡುಗಳನ್ನು ಓದುವಾಗ ಅವಳಿಗೆ ಅತ್ತೆಯ ಮುಖ ಕಣ್ಣಿಗೆ ಬಂತು. ನಮ್ಮ ಹೆಂಗಸರು ಗಂಡಸರನ್ನು ಗಣಿಗೆ ಒಯ್ದ ರೈಲಿನ ಹಳಿಗೆ ಮುಖಮಾಡಿ ಹಾಡಿದರು, ಅಷ್ಟೇ ವ್ಯತ್ಯಾಸ. ಆ ಹಾಡು, ಈ ಹಾಡು ಎರಡನ್ನೂ ಪಕ್ಕದಲ್ಲಿಟ್ಟು ಬರೆಯುತ್ತೇನೆ ಎಂದಳು. ಮಾರ್ಗದರ್ಶಕ ಡಾಕ್ಟರ್ ಅನ್ಸೆಲ್ಮು ಖುಷಿಯಿಂದ ಒಪ್ಪಿದರು.

ಕಾಯುವ ಹಾಡುಗಳು ಬೇಕಾದಷ್ಟು ಸಿಕ್ಕವು. ಸಿಗದಿದ್ದದ್ದು ಗಂಡ ಸತ್ತಾಗ ಹಾಡುವ ಶೋಕದ ಹಾಡು. ಸಾವಾದ ಮನೆಗೆ ಫೋನು ಹಿಡಿದು ಹೋದರೆ ಪೊರಕೆಯಲ್ಲಿ ಬಡಿದು ಅಟ್ಟುತ್ತಾರೆ. ಸಾವಿಲ್ಲದ ಮನೆಯಲ್ಲಿ ಹಾಡಿಸೋಣವೆಂದರೆ ಅದು ಇನ್ನೂ ಕೆಟ್ಟದ್ದು. ಆ ಹಾಡಿಗೆ ಸತ್ತವನ ಹೆಸರು ಬೇಕು. ಹೆಸರು ಹಾಕದೆ ಹಾಡಿದರೆ ಹಾಡು ತಾನೇ ಮನೆಯೊಳಗೊಂದು ಹೆಸರು ಹುಡುಕಿಕೊಳ್ಳುತ್ತದೆ ಎನ್ನುತ್ತಾರೆ.

ಒಂದು ಮಧ್ಯಾಹ್ನ ಅತ್ತೆ ಒರಳಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿ, "ತಗೊಂಡ್ ಬಾರೇ ಆ ಫೋನು. ಹಾಡ್ತೀನಿ" ಎಂದಳು. ಹಾಡಿದಳು. ಫೆನಿಯಾಸನ ಹೆಸರು ಹಾಕಿ ಹಾಡಿದಳು. ದೆಯೊಲಿಂದಾ ಹಾಡನ್ನು ಫೋನಿನಲ್ಲಿ ತುಂಬಿಕೊಂಡಳು. ಆಮೇಲೆ ಅವಳು ರಾಗ ಎಲ್ಲಿ ಕಲಿತೆ, ಈ ಸಾಲು ಯಾಕೆ ಎರಡು ಸಲ ಬರುತ್ತದೆ, ಉಳಿದವರು ಎಲ್ಲಿ ದನಿಗೂಡಿಸುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡಳು. ಹೆಸರಿನ ವಿಚಾರ ಮಾತ್ರ ಕೇಳಲಿಲ್ಲ. ಹಾಡಿಗೊಂದು ಹೆಸರು ಬೇಕಿತ್ತು, ಅತ್ತೆ ಒಂದು ಹಾಕಿದಳು ಎಂದುಕೊಂಡಳು.

ಅಂತಿಮ ಪರೀಕ್ಷೆಗೆ ಮುಂಚಿನ ಸೆಮಿನಾರಿನಲ್ಲಿ ಆ ಹಾಡನ್ನು ಕೇಳಿಸಿದಳು. ಮೇಷ್ಟ್ರುಗಳು ತಲೆದೂಗಿದರು. ಹಿಂದಿನ ಬೆಂಚಿನಲ್ಲಿ ಸಮಾಜಶಾಸ್ತ್ರ ಓದುವ ಎದ್ಮಿಲ್ಸನ್ ಕೂತಿದ್ದ. ಫೆನಿಯಾಸನ ಅಣ್ಣನ ಮಗ. ಚಿಕ್ಕಪ್ಪನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವನೂ ತನ್ನ ಫೋನು ಎತ್ತಿ ಹಿಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನವೇ ಚೊಂಗೊ ಮನೆತನದಿಂದ ಹೇಳಿಕೆ ಬಂತು. ಹೆಂಡತಿಯೇ ಬಾಯ್ತೆರೆದು ಶೋಕ ಹಾಡಿದ ಮೇಲೆ ಗಂಡ ಸತ್ತಂತೆ. ಗಂಡ ಸತ್ತ ಮೇಲೆ ಅವನು ಕಟ್ಟಿಸಿದ ಮನೆ ಅಣ್ಣತಮ್ಮಂದಿರದು. ಭಾನುವಾರ ಬರುತ್ತೇವೆ, ಕೂತು ಮಾತಾಡೋಣ. ಕಾನೂನು ಬೇರೆ ಹೇಳುತ್ತದೆ, ನಿಜ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಎಸಿನೆತಾಳಂಥ ಎಷ್ಟೋ ಜನ ಬೀದಿಯಲ್ಲೇ ಸತ್ತಿದ್ದಾರೆ.

ದೆಯೊಲಿಂದಾ ಡಾಕ್ಟರ್ ಅನ್ಸೆಲ್ಮು ಹತ್ತಿರ ಓಡಿದಳು. "ಸರ್, ಆ ಹಾಡು ತೆಗೆದುಬಿಡ್ತೀನಿ."

"ತೆಗೆದ್ರೆ ಉಳಿಯೋದೇನು ದೆಯೊಲಿಂದಾ? ಪ್ರಬಂಧ ಪೂರ್ತಿ ಅದರ ಮೇಲೆ ನಿಂತಿದೆ. ಹೊರಗಿನ ಪರೀಕ್ಷಕರು ಓದಿಯೂ ಆಯ್ತು. ಬರೋ ವಾರ ಶುಕ್ರವಾರ ಪರೀಕ್ಷೆ."

"ಹಾಡು ನಿಜವಾದ್ದಲ್ಲ, ನಾನೇ ಕಟ್ಟಿದ್ದು ಅಂದ್ರೆ?"

"ಹೆಸರೇ ಹೊಡೆದು ಹಾಕ್ತಾರೆ. ಮತ್ತೆ ಈ ಬಾಗಿಲೊಳಗೆ ಸೇರಿಸಲ್ಲ. ಯಾಕೆ ಇಂಥಾ ಮಾತು?"

ಅವಳು ಎದ್ದು ಬಂದಳು. ಬಸ್ಸಿನಲ್ಲಿ ಪಕ್ಕದವರು ನೋಡುತ್ತಿದ್ದರೂ ಅಳು ತಡೆಯಲಾಗಲಿಲ್ಲ. ಅತ್ತ ದರಿ, ಇತ್ತ ಪುಲಿ. ಓದು ಬಿಟ್ಟರೆ ತನಗೆ ಏನೂ ಇಲ್ಲ. ಮನೆ ಬಿಟ್ಟರೆ ಅತ್ತೆಗೆ ಏನೂ ಇಲ್ಲ. ಮನೆಯಲ್ಲಿ ಅತ್ತೆ ಆ ವಾರವಿಡೀ ತುಟಿ ಬಿಚ್ಚಲಿಲ್ಲ. ಹೆದರಿದ್ದಾಳೆ ಪಾಪ ಎಂದುಕೊಂಡ ಸೊಸೆ ತಾನೂ ಮಾತೆತ್ತಲಿಲ್ಲ.

ಭಾನುವಾರ ಅಂಗಳದ ಮಾವಿನ ಮರದ ಕೆಳಗೆ ಸಭೆ ಕೂತಿತು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಚಾಪೆ. ಯಾರ ವಿಷಯವಾಗಿ ಸಭೆಯೋ ಆ ಹೆಂಗಸು ಮಾತಾಡುವಂತಿಲ್ಲ. ತವರಿನ ಕಡೆಯವರು ಯಾರಾದರೂ ಅವಳ ಪರವಾಗಿ ಮಾತಾಡಬೇಕು. ಎಸಿನೆತಾ ಸೊಂಟಕ್ಕೆ ಸುತ್ತುವ ಕಾಪುಲಾನಾ ಬಟ್ಟೆಯನ್ನು ತಲೆಯ ಮೇಲೆ ಮುಖ ಮುಚ್ಚುವಂತೆ ಹೊದ್ದು ಕೂತಳು. ಅವಳ ಪರವಾಗಿ ಇದ್ದವಳು ದೆಯೊಲಿಂದಾ ಒಬ್ಬಳೇ.

ಫೆನಿಯಾಸನ ಅಣ್ಣ ಜೊಸ್ಸಿಯಾಸ್ ಮಾತು ತೆಗೆದ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಎನ್ನುವಂಥ ಮನುಷ್ಯ. "ನಮಗೇನೂ ಆಸೆ ಇಲ್ಲಮ್ಮ. ತಮ್ಮ ಹೋದ ಅನ್ನೋ ದುಃಖ ಒಂದೇ. ಎಸಿನೆತಾನೇ ಹಾಡಿ ಹೇಳಿದ್ಮೇಲೆ ನಾವು ಇಲ್ಲ ಅನ್ನಕ್ಕಾಗುತ್ತಾ? ಕಪ್ಪು ಉಡ್ಲಿ. ವರ್ಷದ ಶೋಕ ಮುಗೀಲಿ. ಆಮೇಲೆ ತವರಿಗೆ ಹೋಗ್ಲಿ. ಮನೆ ನಾವು ನೋಡ್ಕೋತೀವಿ."

ಎದ್ಮಿಲ್ಸನ್ ಫೋನು ಎತ್ತಿ ಹಾಡು ಕೇಳಿಸಿದ. ಅತ್ತೆಯ ದನಿ ಅಂಗಳದ ತುಂಬ ಹರಡಿತು. ನೆರೆಯವರು ಬೇಲಿಗೆ ಬಂದು ನಿಂತರು. ಆಗ ಅತ್ತೆ ಹೊದಿಕೆಯ ಮರೆಯಿಂದಲೇ ದೆಯೊಲಿಂದಾಳ ಉಡುಪಿನ ಅಂಚು ಹಿಡಿದು ಬಲವಾಗಿ ಜಗ್ಗಿದಳು. ಕಾಪಾಡೇ ಮಗಳೇ ಎಂದು ಬೇಡುತ್ತಿದ್ದಾಳೆ ಅನಿಸಿತು ದೆಯೊಲಿಂದಾಳಿಗೆ. ಎದ್ದು ನಿಂತಳು.

"ದೊಡ್ಡಯ್ಯ, ಆ ಹಾಡು ಶೋಕದ ಹಾಡೇ ಅಲ್ಲ. ನಾನು ಕಟ್ಟಿದ್ದು. ಹೆಸರು ತುರುಕಿದ್ದೂ ನಾನೇ. ನಾಟಕಕ್ಕೆ ಅಂತ ಸುಳ್ಳು ಹೇಳಿ ಅತ್ತೆ ಕೈಲಿ ಹಾಡಿಸಿದೆ."

ಅತ್ತೆ ಇನ್ನೊಮ್ಮೆ ಜಗ್ಗಿದಳು. ದೆಯೊಲಿಂದಾ ಆ ಕೈಯನ್ನು ಸವರಿ ಸಮಾಧಾನ ಮಾಡಿದಳು.

ಎದ್ಮಿಲ್ಸನ್ ನಕ್ಕ. "ಅಕ್ಕಾ, ಸೆಮಿನಾರಲ್ಲಿ ಇದು ಹಿಂದಿನಿಂದ ಬಂದ ಹಾಡು ಅಂದ್ರಲ್ಲ?"

"ಸುಳ್ಳು ಹೇಳಿದೆ."

"ಹಾಗಾದ್ರೆ ನಿಮ್ ಮೇಷ್ಟ್ರಿಗೂ ಈಗ್ಲೇ ಹೇಳ್ಬಿಡಿ. ನಾವೂ ಕೇಳ್ತೀವಿ."

ಅವಳು ಎಲ್ಲರೆದುರು ಫೋನು ಹಚ್ಚಿದಳು. ಎಲ್ಲರಿಗೂ ಕೇಳುವಂತೆ ಚಾಪೆಯ ಮೇಲಿಟ್ಟು ಹೇಳಿದಳು. ಆ ಕಡೆಯಿಂದ ಡಾಕ್ಟರ್ ಅನ್ಸೆಲ್ಮು ಕೇಳಿದರು.

"ದೆಯೊಲಿಂದಾ, ಯಾರಾದ್ರೂ ಹೆದರಿಸ್ತಿದ್ದಾರಾ?"

"ಇಲ್ಲ ಸರ್."

"ಸರಿ. ಶುಕ್ರವಾರ ಬರಬೇಡಿ."

ಜೊಸ್ಸಿಯಾಸನ ಮುಖ ಹುಳ್ಳಗಾಯಿತು. ಆದರೆ ಸಭೆಯಲ್ಲಿ ಬಂದ ಮಾತನ್ನು ಹಿರಿಯನಾಗಿ ಮುಗಿಸಲೇಬೇಕಲ್ಲ. ಲೋಟದಿಂದ ನಾಲ್ಕು ಹನಿ ಹೆಂಡವನ್ನು ಮರದ ಬುಡಕ್ಕೆ, ಹಿರೀಕರ ಹೆಸರಲ್ಲಿ, ಚೆಲ್ಲಿದ. "ನನ್ನ ತಮ್ಮ ಫೆನಿಯಾಸ್ ಬದುಕಿದ್ದಾನೆ. ಎಸಿನೆತಾ ಅವನ ಹೆಂಡ್ತಿ. ಅವನು ಬರೋ ತನಕ ಅವನ ಮನೇಲಿರ್ತಾಳೆ. ಇನ್ನು ಈ ಮಾತು ಯಾರೂ ಎತ್ತೋ ಹಾಗಿಲ್ಲ." ಎಲ್ಲರೂ ಹೂಂಗುಟ್ಟಿ ಎದ್ದು ಹೋದರು.

ದೆಯೊಲಿಂದಾ ಅತ್ತೆಯ ಪಕ್ಕ ಕೂತಳು. "ಮನೆ ಉಳೀತು ಅತ್ತೆ" ಎಂದಳು.

ಎಸಿನೆತಾ ಮುಖದ ಬಟ್ಟೆ ಸರಿಸಿದಳು. ಕಣ್ಣು ಕೆಂಪಾಗಿದ್ದವು.

"ಯಾರ್ ಕೇಳಿದ್ರೇ ಮನೇನ?"

"ಅತ್ತೆ..."

"ಸುಮ್ನಿರು ಅಂತ ಜಗ್ಗಿದ್ನಲ್ಲೇ! ಎರಡು ಸಲ ಜಗ್ಗಿದೆ! ನಿನ್ ಪರೀಕ್ಷೆಗೆ ಹಾಡ್ದೆ ಅನ್ಕೊಂಡ್ಯಾ ನಾನು? ಸಾಕಾಗಿತ್ತು ಕಣೇ. ಒಂದ್ಸಲ ಅವನಿಗೋಸ್ಕರ ಅತ್ತು ಮುಗಿಸ್ಬೇಕಿತ್ತು. ಕಪ್ಪು ಉಡ್ತಿದ್ದೆ, ತಲೆ ಬೋಳಿಸ್ಕೊಳ್ತಿದ್ದೆ, ವರ್ಷ ಕಳೆದ್ಮೇಲೆ ಆ ಬಟ್ಟೆ ಸುಟ್ಟು ತವರಿಗೆ ಹೋಗಿ ನಾಲ್ಕು ಸಾಲು ಕಡ್ಲೇಕಾಯಿ ಬೆಳ್ಕೊಂಡು ನನ್ ಪಾಡಿಗೆ ನಾನಿರ್ತಿದ್ದೆ. ನಾನಾಗಿ ಸತ್ತ ಅಂದ್ರೆ ಗಂಡನ್ನ ತಿಂದ ಮಾಟಗಾತಿ ಅಂತಾರೆ. ಇವತ್ತು ಅವರಾಗೇ ಬಂದ್ರು, ಸತ್ತ ಅನ್ನೋ ಮಾತು ಅವರ ಬಾಯಲ್ಲೇ ಬಂತು. ನೀನು ಅವನ್ನ ಬದುಕಿಸ್ಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?"

"ಅಷ್ಟೊಂದು ಪ್ರಶ್ನೆ ಕೇಳ್ದೆ ಅವತ್ತು. ಯಾಕೆ ಅವನ ಹೆಸ್ರು ಅಂತ ಒಂದ್ಸಲ ಕೇಳ್ದ್ಯಾ?"

ದೆಯೊಲಿಂದಾ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಮತ್ತೆ ಬೈಯಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋಗಿ ಒಲೆ ಹಚ್ಚಿ ಹಿಟ್ಟು ತಿರುವಿದಳು. ಅಡುಗೆ ಆದಾಗ ಸೊಸೆಗೆ ಒಂದು ತಟ್ಟೆ ಹಾಕಿದಳು, ತನಗೊಂದು ಹಾಕಿಕೊಂಡಳು. ಬದುಕಿರುವ ಗಂಡನ ಪಾಲು ಎತ್ತಿಡದೆ ಹೆಂಡತಿ ಉಣ್ಣುವಂತಿಲ್ಲ. ಮೂರನೆಯ ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಬಾಗಿಲ ಪಕ್ಕದಲ್ಲಿಟ್ಟಳು.